ತನ್ನ ಕೆಳಗನ್ನೇ ಅಗೆದು ಎದ್ದು ನಿಂತ ಊರು

ಮಕ್ಕಳೇ, ಒಂದು ಊರು ಕಟ್ಟಬೇಕಾದರೆ ಎಷ್ಟು ಕಲ್ಲು ಬೇಕು, ಯೋಚಿಸಿದ್ದೀರಾ? ಮನೆಗಳಿಗೆ, ಗುಡಿಗಳಿಗೆ, ಕೋಟೆಗೆ, ಮೆಟ್ಟಿಲಿಗೆ, ಎಲ್ಲಕ್ಕೂ ಕಲ್ಲೇ ಬೇಕು. ಅಷ್ಟನ್ನು ಎಲ್ಲಿಂದ ತರುವುದು? ದೂರದ ಬೆಟ್ಟದಿಂದ ಗಾಡಿಯಲ್ಲಿ ಹೊತ್ತು ತರಬಹುದು, ಇಲ್ಲವೇ ಹಡಗಿನಲ್ಲಿ ತರಿಸಬಹುದು. ಇಟಲಿಯ ನೇಪಲ್ಸ್ ಊರಿನವರು ಇನ್ನೊಂದು ದಾರಿ ಹಿಡಿದರು. ಮನೆ ಎಲ್ಲಿ ಬೇಕೋ ಅಲ್ಲೇ ನೆಲ ಅಗೆದರು, ಕೆಳಗಿನಿಂದ ಕಲ್ಲು ಎತ್ತಿದರು, ಆ ಗುಂಡಿಯ ಮೇಲೆಯೇ ಮನೆ ಕಟ್ಟಿದರು.

ನೇಪಲ್ಸ್ ಇರುವುದು ರೋಮ್ ನಗರದ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ. ಸುಮಾರು 2500 ವರ್ಷಗಳ ಹಿಂದೆ ಗ್ರೀಕರು ಹಡಗಿನಲ್ಲಿ ಬಂದು ಕಟ್ಟಿದ ಊರು ಅದು. ಆಮೇಲೆ ರೋಮನ್ನರು ಬಂದರು, ಸ್ಪೇನಿನವರು ಬಂದರು, ಇನ್ನೂ ಯಾರ್‍ಯಾರೋ ಆಳಿದರು. ಊರು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 1995ರಲ್ಲಿ ಯುನೆಸ್ಕೋ ಅದರ ಹಳೆಯ ಭಾಗವನ್ನು ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿತು.

ಅಲ್ಲಿಗೆ ಹೋದವರು ಮೊದಲು ಪೂರ್ವಕ್ಕೆ ತಿರುಗಿ ವೆಸುವಿಯಸ್ ಜ್ವಾಲಾಮುಖಿಯನ್ನು ನೋಡುತ್ತಾರೆ. ನೋಡಬೇಕಾದದ್ದೇ. 1281 ಮೀಟರ್ ಎತ್ತರದ ಆ ಬೆಟ್ಟ ಕ್ರಿ.ಶ. 79ರಲ್ಲಿ ಸಿಡಿದು ಪಾಂಪೇ ಪಟ್ಟಣವನ್ನು ಬೂದಿಯಲ್ಲಿ ಮುಚ್ಚಿತು. ಕೊನೆಯ ಬಾರಿ ಅದು ಬೆಂಕಿ ಉಗುಳಿದ್ದು 1944ರಲ್ಲಿ. ಆದರೆ ನನ್ನನ್ನು ಕೇಳಿದರೆ, ಬೆಟ್ಟಕ್ಕಿಂತ ಮೊದಲು ನೀವು ನೋಡಬೇಕಾದದ್ದು ಒಂದು ಮನೆಯ ಗೋಡೆ. ಗಾರೆ ಉದುರಿದ, ಯಾರೂ ಫೋಟೊ ತೆಗೆಯದ, ಸಾದಾ ಗೋಡೆ.

ಆ ಗೋಡೆಯ ಹತ್ತಿರ ಹೋಗಿ ನಿಲ್ಲಿ. ಕಲ್ಲು ಹಳದಿ ಬಣ್ಣದ್ದು. ಮೈತುಂಬ ಸಣ್ಣ ಸಣ್ಣ ತೂತುಗಳು. ನಡುನಡುವೆ ಬೆರಳ ತುದಿಯಷ್ಟು ದಪ್ಪದ, ಬೇರೆ ಬಣ್ಣದ ತುಣುಕುಗಳು ಹುದುಗಿಕೊಂಡಿವೆ. ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. (ಕೆರೆಯಬೇಡಿ, ಪಾಪ, ಹಳೆಯ ಗೋಡೆ!) ಕಲ್ಲು ಎಂದರೆ ಗಟ್ಟಿ, ಭಾರ ಎಂದು ನಾವು ತಿಳಿದಿರುತ್ತೇವೆ. ಈ ಕಲ್ಲು ಮೃದು, ಹಗುರ. ಕೊಡಲಿಯಿಂದ ಕಡಿಯಬಹುದು, ಗರಗಸದಿಂದ ಕೊಯ್ಯಬಹುದು. ಇದರ ಹೆಸರು ಟಫ್.

ಈ ಟಫ್ ಹುಟ್ಟಿದ ಬಗೆಯನ್ನು ನಿಧಾನವಾಗಿ ಕಣ್ಣ ಮುಂದೆ ತಂದುಕೊಳ್ಳೋಣ. ಸುಮಾರು 15,000 ವರ್ಷಗಳ ಹಿಂದಿನ ಮಾತು. ಆಗ ಅಲ್ಲಿ ಊರಿಲ್ಲ. ನೇಪಲ್ಸ್‌ನ ಪಶ್ಚಿಮಕ್ಕೆ ನೆಲದಾಳದಲ್ಲಿ ಕರಗಿದ ಕಲ್ಲು, ಅಂದರೆ ಶಿಲಾರಸ, ತುಂಬಿಕೊಂಡಿತ್ತು. ಅದರೊಳಗೆ ನೀರಾವಿ ಮತ್ತು ಬೇರೆ ಅನಿಲಗಳು ಅವಿತಿದ್ದವು. ಮೇಲಿನ ಒತ್ತಡ ಕಡಿಮೆಯಾದಾಗ ಆ ಅನಿಲಗಳು ಒಮ್ಮೆಲೇ ಗುಳ್ಳೆಗಳಾಗಿ ಉಬ್ಬಿದವು. ಶಿಲಾರಸ ನೊರೆಯಾಯಿತು. ನೊರೆ ಸಿಡಿದು ಚೂರುಚೂರಾಗಿ, ಬೂದಿಯಾಗಿ, ಮೈಲಿಗಟ್ಟಲೆ ಹರಡಿತು.

ಬಿದ್ದ ಬೂದಿ ಸಡಿಲವಾಗಿಯೇ ಇರಬೇಕಿತ್ತಲ್ಲ, ಕಲ್ಲಾದದ್ದು ಹೇಗೆ? ದಪ್ಪ ರಾಶಿಯ ಒಳಗೆ ಬಿಸಿ ಮತ್ತು ನೀರು ಬಹುಕಾಲ ಉಳಿದುಕೊಂಡವು. ಬೂದಿಯ ಕಣಗಳು ಸ್ವಲ್ಪ ಸ್ವಲ್ಪವೇ ಕರಗಿ, ಅವುಗಳ ಸಂದಿಗಳಲ್ಲಿ ಜಿಯೊಲೈಟ್ ಎಂಬ ಹೊಸ ಹರಳುಗಳು ಬೆಳೆದವು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಅವೇ ಒಂದು ಕಣವನ್ನು ಇನ್ನೊಂದಕ್ಕೆ ಅಂಟಿಸಿದವು. ಸಂದಿಗಳೆಲ್ಲ ಪೂರ್ತಿ ಮುಚ್ಚಲಿಲ್ಲ, ಒಳಗೆ ಗಾಳಿ ಉಳಿಯಿತು. ಬೆಳಗಿನ ಇಡ್ಲಿಯನ್ನು ಮುರಿದು ನೋಡಿ: ಹಬೆಯಲ್ಲಿ ಬೆಂದ ಹಿಟ್ಟು ಗಟ್ಟಿಯಾಗಿ ನಿಂತಿದೆ, ಆದರೆ ಒಳಗೆಲ್ಲ ತೂತು. ಅದಕ್ಕೇ ಇಡ್ಲಿ ಹಗುರ, ಅದಕ್ಕೇ ಸಾಂಬಾರು ಹೀರುತ್ತದೆ. ಟಫ್ ಕೂಡ ಹಾಗೆಯೇ ಹಗುರ, ಹಾಗೆಯೇ ನೀರು ಹೀರುತ್ತದೆ.

ಹರಳು ಬೆಳೆದ ಕಡೆ ಬೂದಿ ಹಳದಿ ಕಲ್ಲಾಯಿತು. ಬೆಳೆಯದ ಕಡೆ ಬೂದು ಬಣ್ಣದ ಸಡಿಲ ಪುಡಿಯಾಗಿಯೇ ಉಳಿಯಿತು. ಈ ಪುಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರದ್ದೇ ಒಂದು ಸೊಗಸಾದ ಕೆಲಸವಿದೆ.

ಈಗ ಗುಂಡಿಯೊಳಕ್ಕೆ ಇಳಿಯೋಣ ಬನ್ನಿ. ಹಳೆಯ ಊರಿನ ನಡುವೆ ಸಾನ್ ಗೆತಾನೊ ಎಂಬ ಚೌಕವಿದೆ. ಅದರ ಪಕ್ಕದಲ್ಲೇ ನೆಲದೊಳಗೆ ಇಳಿಯುವ ಮೆಟ್ಟಿಲು ಸಿಗುತ್ತದೆ. ಇಳಿಯುತ್ತ ಇಳಿಯುತ್ತ ಸುಮಾರು 40 ಮೀಟರ್ ಆಳಕ್ಕೆ ಹೋಗುತ್ತೀರಿ. ಹನ್ನೆರಡು ಅಂತಸ್ತಿನ ಕಟ್ಟಡವನ್ನು ತಲೆಕೆಳಗು ಮಾಡಿ ನೆಲದಲ್ಲಿ ಹೂತಿದ್ದರೆ ಎಷ್ಟು ಆಳವೋ, ಹೆಚ್ಚು ಕಡಿಮೆ ಅಷ್ಟು. ಬೇಸಿಗೆಯಲ್ಲಿ ಮೇಲಿನ ಬೀದಿ ಕಾದು ಕೆಂಡವಾಗಿದ್ದರೂ ಕೆಳಗೆ ಸ್ವೆಟರ್ ಬೇಕೆನಿಸುತ್ತದೆ. ಬಿಸಿಲಿನ ಕಾವು ಕಲ್ಲಿನೊಳಗೆ ಬಲು ನಿಧಾನವಾಗಿ ಇಳಿಯುತ್ತದೆ. ಅಷ್ಟು ಆಳ ತಲುಪುವ ಮೊದಲೇ ಬೇಸಿಗೆ ಮುಗಿದು ಚಳಿಗಾಲ ಬಂದುಬಿಡುತ್ತದೆ. ಹಾಗಾಗಿ ಕೆಳಗೆ ವರ್ಷವಿಡೀ ಒಂದೇ ಹವೆ.

ಅಲ್ಲಿನ ಗೋಡೆಗಳಲ್ಲಿ ಕಲ್ಲು ಕಡಿದವರ ಉಪಕರಣದ ಗೀರುಗಳು ಇನ್ನೂ ಇವೆ. ಮೇಲಿನಿಂದ ಅವರು ಕಿರಿದಾದ ಬಾವಿ ತೋಡುತ್ತಿದ್ದರು. ಒಳ್ಳೆಯ ಕಲ್ಲು ಸಿಕ್ಕಿದ ಮೇಲೆ ಕೆಳಕ್ಕೆ ಹೋದಂತೆಲ್ಲ ಅಗಲ ಮಾಡುತ್ತ, ಕಡಿದ ಕಲ್ಲನ್ನು ಅದೇ ಬಾವಿಯಿಂದ ಹಗ್ಗ ಕಟ್ಟಿ ಮೇಲೆತ್ತುತ್ತಿದ್ದರು. ಬಾಯಿ ಕಿರಿದಾಗಿದ್ದರೆ ಛಾವಣಿ ಕುಸಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎಂಥ ಜಾಣತನ!

ಕಲ್ಲು ತೆಗೆದ ಗುಹೆಯನ್ನು ಅವರು ಖಾಲಿ ಬಿಡಲಿಲ್ಲ. ಟಫ್ ನೀರು ಹೀರುತ್ತದೆ ಎಂದೆನಲ್ಲ, ಅದಕ್ಕೆ ಒಳಗೋಡೆಗೆ ನೀರು ಸೋರದ ಗಾರೆ ಬಳಿದರು. ದೂರದ ಬುಗ್ಗೆಗಳಿಂದ ಕಾಲುವೆ ತೋಡಿ ನೀರು ತಂದು ತುಂಬಿಸಿದರು. ಒಂದು ಗುಹೆಗೂ ಇನ್ನೊಂದಕ್ಕೂ ನಡುವೆ ಮನುಷ್ಯ ಅಡ್ಡಡ್ಡ ಸರಿದು ಹೋಗುವಷ್ಟೇ ಅಗಲದ ಓಣಿಗಳು. ಹೀಗೆ ಮನೆಮನೆಯ ಅಂಗಳದ ಕೆಳಗೂ ಒಂದು ಕೊಳ. ಮೇಲಿನಿಂದ ಕೊಡ ಇಳಿಬಿಟ್ಟರೆ ನೀರು.

ಈ ಕೊಳಗಳನ್ನು ಚೊಕ್ಕಟವಾಗಿಡುವ ಕೆಲಸಗಾರರಿಗೆ ಪೊತ್ಸಾರಿ ಎಂದು ಹೆಸರು. ಬಾವಿಯ ಎರಡೂ ಬದಿಗೆ ಕೊರೆದ ಸಣ್ಣ ಕುಳಿಗಳಲ್ಲಿ ಕಾಲಿಟ್ಟು ಅವರು ಸರಸರನೆ ಹತ್ತಿ ಇಳಿಯುತ್ತಿದ್ದರು. ಆ ಕುಳಿಗಳು ಈಗಲೂ ಕಾಣಿಸುತ್ತವೆ. ನೇಪಲ್ಸ್‌ನ ಅಜ್ಜಿಯರು ಮುನಾಚಿಯೆಲ್ಲೊ ಎಂಬ ಪುಟ್ಟ ಭೂತದ ಕಥೆ ಹೇಳುತ್ತಾರೆ. ಅದು ರಾತ್ರಿ ಮನೆಗೆ ಬಂದು ಒಮ್ಮೆ ನಾಣ್ಯ ಇಟ್ಟು ಹೋಗುತ್ತದಂತೆ, ಒಮ್ಮೆ ಸಾಮಾನು ಬಚ್ಚಿಡುತ್ತದಂತೆ. ಮೋಟು ನಿಲುವಂಗಿ ತೊಟ್ಟು ಬಾವಿಯಿಂದ ತಟ್ಟನೆ ಮೇಲೇಳುತ್ತಿದ್ದ ಪೊತ್ಸಾರಿಗಳನ್ನು ನೋಡಿಯೇ ಈ ಕಥೆ ಹುಟ್ಟಿತು ಎನ್ನುವವರಿದ್ದಾರೆ. ನನಗೆ ಆ ವಿವರಣೆ ತುಂಬ ಇಷ್ಟ.

1884ರಲ್ಲಿ ಊರಿಗೆ ಭೀಕರ ಕಾಲರಾ ಬಂತು. ಕೊಳಚೆ ಸೇರಿದ ನೀರಿನಿಂದ ಹರಡುವ ರೋಗ ಅದು. ಒಂದು ಕೊಳ ಕೆಟ್ಟರೆ ಓಣಿಗಳ ಮೂಲಕ ಮುಂದಿನದೂ ಕೆಡುತ್ತದೆ, ಅಲ್ಲವೇ? ಮರುವರ್ಷವೇ ಕೊಳವೆಗಳಲ್ಲಿ ಹರಿಯುವ ಹೊಸ ನೀರಿನ ವ್ಯವಸ್ಥೆ ಬಂತು, ಹಳೆಯ ಕೊಳಗಳು ಬತ್ತಿದವು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕುತ್ತಿದ್ದಾಗ ಊರಿನ ಜನ ಮಕ್ಕಳನ್ನು ಎತ್ತಿಕೊಂಡು ಇದೇ ಗುಹೆಗಳಿಗೆ ಇಳಿದು ಜೀವ ಉಳಿಸಿಕೊಂಡರು.

ಮೇಲೆ ಬಂದು ಬೀದಿ ನೋಡೋಣ. ಗ್ರೀಕರು ಊರಿಗೆ ಮೂರು ಉದ್ದನೆಯ ಬೀದಿಗಳನ್ನು ಪೂರ್ವ ಪಶ್ಚಿಮವಾಗಿ ಎಳೆದರು, ಅವನ್ನು ಅಡ್ಡಲಾಗಿ ಕತ್ತರಿಸುವ ಕಿರುಗಲ್ಲಿಗಳನ್ನು ಮಾಡಿದರು. ನಿಮ್ಮ ಗಣಿತದ ಚೌಕಳಿ ಪುಸ್ತಕದಲ್ಲಿ ಉದ್ದನೆಯ ಆಯತಗಳನ್ನು ಸಾಲಾಗಿ ಬರೆದುಕೊಳ್ಳಿ, ನೇಪಲ್ಸ್‌ನ ನಕ್ಷೆ ಬಂತು. ಅವೇ ಬೀದಿಗಳಲ್ಲಿ ಇಂದೂ ಸ್ಕೂಟರು ಓಡುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಅವುಗಳಲ್ಲೊಂದಕ್ಕೆ ಸ್ಪಕ್ಕನಾಪೊಲಿ ಎಂದು ಹೆಸರು. ಸಾನ್ ಮಾರ್ತಿನೊ ಗುಡ್ಡ ಹತ್ತಿ ನೋಡಿದರೆ ಆ ಬೀದಿ ಊರನ್ನು ನೇರ ಗೆರೆಯಲ್ಲಿ ಸೀಳಿದಂತೆ ಕಾಣುತ್ತದೆ.

ಈ ಬೀದಿಯಲ್ಲಿ ಜೆಸು ನುವೊವೊ ಎಂಬ ಇಗರ್ಜಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೊದಲು 1470ರಲ್ಲಿ ಅರಮನೆಯಾಗಿ ಕಟ್ಟಿದ್ದು. ಅದರ ಮುಖದ ತುಂಬ ಚೂಪು ಮೂತಿಯ ಕಲ್ಲುಗಳು ಸಾಲುಸಾಲಾಗಿ ಹೊರಚಾಚಿಕೊಂಡಿವೆ. ಈ ಕಲ್ಲು ಹಳದಿಯಲ್ಲ, ಕಪ್ಪು ಬೂದು. ಪಿಪೆರ್ನೊ ಎನ್ನುತ್ತಾರೆ. ಇದೂ ಜ್ವಾಲಾಮುಖಿಯದೇ ಕೂಸು, ಆದರೆ ಟಫ್‌ಗಿಂತ ಎಷ್ಟೋ ಗಟ್ಟಿ. ಅದಕ್ಕೇ ಬಾಗಿಲ ಚೌಕಟ್ಟಿಗೆ, ಮೂಲೆಗೆ, ತೋರಿಕೆಗೆ ಪಿಪೆರ್ನೊ, ಒಳಗೋಡೆಗೆ ಟಫ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿದರೆ ಪ್ರತಿಯೊಂದು ಮೂತಿಯ ನೆರಳೂ ಜಾಗ ಬದಲಿಸಿರುತ್ತದೆ. ಕಾಲ ಕೆಳಗಿನ ಕಪ್ಪು ಹಾಸುಗಲ್ಲು ವೆಸುವಿಯಸ್‌ನ ಲಾವಾ.

ಗಲ್ಲಿಗಳು ಕಿರಿದು, ಮನೆಗಳು ಎತ್ತರ. ಸ್ಪೇನಿನವರ ಆಳ್ವಿಕೆಯಲ್ಲಿ ಕೋಟೆಗೋಡೆಯ ಹೊರಗೆ ಮನೆ ಕಟ್ಟಬಾರದೆಂಬ ಕಟ್ಟಳೆ ಬಂತು. ಜನ ಹೆಚ್ಚಿದರು, ಜಾಗ ಹೆಚ್ಚಲಿಲ್ಲ. ಅಂತಸ್ತಿನ ಮೇಲೆ ಅಂತಸ್ತು ಏರಿತು. ಕಲ್ಲು ಹಗುರವಾದ್ದರಿಂದ ಏರಿಸಲು ಆಯಿತು. 1536ರ ಸುಮಾರಿಗೆ ಸೈನಿಕರಿಗಾಗಿ ಹಾಕಿದ ಸ್ಪ್ಯಾನಿಷ್ ಕೇರಿಗಳಿಗೆ ಹೋದರೆ ಇದು ಚೆನ್ನಾಗಿ ಕಾಣುತ್ತದೆ. ತಲೆ ಎತ್ತಿದರೆ ಒಂದು ಪಟ್ಟಿಯಷ್ಟೇ ಆಕಾಶ. ಆ ಪಟ್ಟಿಗೂ ಅಡ್ಡಲಾಗಿ ಈ ಮನೆಯಿಂದ ಆ ಮನೆಗೆ ಬಟ್ಟೆ ಒಣಹಾಕಿದ ಹಗ್ಗಗಳು. ಸೂರ್ಯ ನೆತ್ತಿಗೆ ಬಂದಾಗ ಮಾತ್ರ ಬಿಸಿಲು ನೆಲ ಮುಟ್ಟುತ್ತದೆ, ಉಳಿದ ಹೊತ್ತೆಲ್ಲ ಗಲ್ಲಿ ನೆರಳಿನಲ್ಲಿ ತಣ್ಣಗಿರುತ್ತದೆ. ಮೇಲಿನ ಮನೆಯ ಅಜ್ಜಿಗೆ ಮೆಟ್ಟಿಲಿಳಿಯಲು ಆಗದಿದ್ದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾರೆ. ಅಂಗಡಿಯವನು ಬ್ರೆಡ್ಡು, ತರಕಾರಿ ಹಾಕಿದರೆ ಬುಟ್ಟಿ ಮೇಲೇರುತ್ತದೆ. ಅದಕ್ಕೆ ಪನಾರೊ ಎನ್ನುತ್ತಾರೆ.

ಇಷ್ಟು ನಡೆದ ಮೇಲೆ ಹಸಿವಾಗಿರಬೇಕಲ್ಲ? ಪಿಜ್ಜಾ ಬೆಳೆದು ಹೆಸರಾದದ್ದು ಇದೇ ಊರಲ್ಲಿ. ಇಲ್ಲಿ ಪಿಜ್ಜಾ ಮಾಡುವ ಕಲೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಟ್ಟಿಗೆ ಬೇಕಾದದ್ದು ನಾಲ್ಕೇ: ಮೈದಾ, ನೀರು, ಉಪ್ಪು, ಯೀಸ್ಟ್. ಯೀಸ್ಟ್ ಎಂಬುದು ಕಣ್ಣಿಗೆ ಕಾಣದ ಜೀವಿ. ಹಿಟ್ಟಿನ ಸಕ್ಕರೆಯನ್ನು ತಿಂದು ಅದು ಅನಿಲ ಬಿಡುತ್ತದೆ, ಹಿಟ್ಟು ಗಂಟೆಗಟ್ಟಲೆ ಉಬ್ಬುತ್ತ ಕೂರುತ್ತದೆ. ಆಮೇಲೆ ಬಾಣಸಿಗ ಲಟ್ಟಣಿಗೆ ಮುಟ್ಟುವುದಿಲ್ಲ. ಲಟ್ಟಿಸಿದರೆ ಅನಿಲವೆಲ್ಲ ಹೊರಗೆ ಹೋಗುತ್ತದೆ. ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ, ಗುಳ್ಳೆಗಳನ್ನು ಅಂಚಿಗೆ ಓಡಿಸುತ್ತಾನೆ. ಅದಕ್ಕೇ ನೇಪಲ್ಸ್ ಪಿಜ್ಜಾದ ನಡು ತೆಳು, ಅಂಚು ಉಬ್ಬು.

ಒಲೆಯನ್ನು ಸರಿಯಾಗಿ ನೋಡಿ. ಇಟ್ಟಿಗೆಯ ತಗ್ಗು ಗುಮ್ಮಟ, ಒಂದು ಪಕ್ಕದಲ್ಲಿ ಸೌದೆಯ ಬೆಂಕಿ. ಒಳಗೆ 430ರಿಂದ 485 ಡಿಗ್ರಿ ಸೆಲ್ಸಿಯಸ್ ಕಾವು. ನೀರು ಕುದಿಯುವುದು 100ಕ್ಕೆ, ನೆನಪಿರಲಿ. ಪಿಜ್ಜಾ ಬೇಯಲು 60ರಿಂದ 90 ಸೆಕೆಂಡು ಸಾಕು. ಕೆಳಗಿನ ಹಾಸಿನಿಂದ ಶಾಖ ನೇರವಾಗಿ ತಾಗುತ್ತದೆ, ಕಾದ ಗುಮ್ಮಟ ಮೇಲಿನಿಂದ ಶಾಖದ ಕಿರಣ ಚೆಲ್ಲುತ್ತದೆ, ಬಿಸಿ ಗಾಳಿ ಒಳಗೆಲ್ಲ ಸುತ್ತುತ್ತದೆ. ನಿಮ್ಮ ಪುಸ್ತಕದಲ್ಲಿ ಶಾಖ ಹರಿಯುವ ಮೂರು ದಾರಿಗಳ ಪಾಠ ಇದ್ದರೆ, ಆ ಮೂರೂ ಒಂದೇ ಒಲೆಯಲ್ಲಿ ಕೆಲಸ ಮಾಡುತ್ತಿವೆ.

ಅಷ್ಟು ಕಾವಿನಲ್ಲಿ ಪಿಜ್ಜಾದ ತಳ ಸೀದು ಹೋಗುವುದಿಲ್ಲವೇ? ಇದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ತರಗತಿಯಲ್ಲಿ ಸ್ಟೀಲಿನ ಊಟದ ಡಬ್ಬಿಯನ್ನೂ ಮರದ ಬೆಂಚನ್ನೂ ಒಟ್ಟಿಗೆ ಮುಟ್ಟಿ. ಎರಡೂ ಒಂದೇ ಕೋಣೆಯಲ್ಲಿವೆ, ಎರಡರ ಉಷ್ಣತೆಯೂ ಒಂದೇ. ಆದರೂ ಡಬ್ಬಿ ತಣ್ಣಗೆನಿಸುತ್ತದೆ. ಯಾಕೆಂದರೆ ಸ್ಟೀಲು ನಿಮ್ಮ ಬೆರಳಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ. ಕೊಡುವಾಗಲೂ ಅಷ್ಟೇ: ಕಾದ ಸ್ಟೀಲು ಬೇಗ ಸುಡುತ್ತದೆ. ನೇಪಲ್ಸ್‌ನ ಒಲೆಗಳಿಗೆ ಹತ್ತಿರದ ಸೊರೆಂತೊ ಕಡೆಯ ಜೇಡಿಮಣ್ಣಿನ ಬಿಲ್ಲೆಗಳನ್ನು ಹಾಸುತ್ತಾರೆ. ಒಳಗೆ ತೂತುಗಳಿರುವ ಆ ಬಿಲ್ಲೆ ಶಾಖವನ್ನು ತಡೆತಡೆದು ಬಿಡುತ್ತದೆ. ತಳ ಸೀಯುವ ಮೊದಲೇ ಮೇಲ್ಭಾಗ ಬೆಂದಿರುತ್ತದೆ. ಹಿಟ್ಟಿನ ನೀರು ಆರಿಹೋಗಲು ಸಮಯವೇ ಸಿಗದ್ದರಿಂದ ಪಿಜ್ಜಾ ಮೆತ್ತಗಿರುತ್ತದೆ. ಬೀದಿಯಲ್ಲಿ ಅದನ್ನು ನಾಲ್ಕಾಗಿ ಮಡಚಿ ಕೈಯಲ್ಲಿ ಹಿಡಿದು ತಿನ್ನುತ್ತಾರೆ. ಮಡಚಿದರೆ ಮುರಿಯಬಾರದು, ಅದೇ ಪರೀಕ್ಷೆ.

ಮೇಲಿನ ಟೊಮೆಟೊ ಯಾವ ಊರಿನದು? ಮೂಲ ಅಮೆರಿಕ ಖಂಡದ್ದು, ಇಟಲಿಗೆ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ನೇಪಲ್ಸ್‌ನವರು ಟೊಮೆಟೊ ಕಂಡವರೇ ಅಲ್ಲ. ಈಗ ವೆಸುವಿಯಸ್‌ನ ಆಚೆ ಸಾರ್ನೊ ನದಿಯ ಬಯಲಲ್ಲಿ ಸಾನ್ ಮರ್ಜಾನೊ ಎಂಬ ಉದ್ದನೆಯ ಟೊಮೆಟೊ ಬೆಳೆಯುತ್ತಾರೆ. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿ ಸವೆದು ಆದದ್ದು, ಗಿಡಕ್ಕೆ ಬೇಕಾದ ಪೊಟ್ಯಾಸಿಯಂ ಅದರಲ್ಲಿ ಧಾರಾಳವಾಗಿದೆ. ಗೋಡೆ ಕೊಟ್ಟ ಬೆಂಕಿಯೇ ತಟ್ಟೆಗೂ ಬಡಿಸಿತು.

ಇನ್ನೊಂದೇ ಜಾಗ ಉಳಿದಿದೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಜಾಗ ಅದು, ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಪಿನ್ಯಸೆಕ್ಕ ಸಂತೆಬೀದಿಯ ಮೀನು, ಹಣ್ಣುಗಳ ನಡುವೆ ಹಾದು ಮೊಂತೆಸಾಂತೊ ನಿಲ್ದಾಣದಲ್ಲಿ ರೈಲು ಹತ್ತಿ. ಪಶ್ಚಿಮಕ್ಕೆ ಹೋದರೆ ಪೊತ್ಸುವೊಲಿ ಎಂಬ ಬಂದರು ಊರು ಸಿಗುತ್ತದೆ. ಹಳದಿ ಟಫ್ ಸಿಡಿದದ್ದು ಇದೇ ಸೀಮೆಯಿಂದ. ಜ್ವಾಲಾಮುಖಿ ಎಲ್ಲಿ ಎಂದು ಬೆಟ್ಟ ಹುಡುಕಬೇಡಿ, ಬೆಟ್ಟವಿಲ್ಲ. ಒಳಗಿನ ಶಿಲಾರಸ ಹೊರಬಿದ್ದು ಕೆಳಗೆ ಟೊಳ್ಳಾದಾಗ ಮೇಲಿನ ನೆಲ ಕುಸಿದು ಹಳ್ಳವಾಯಿತು. 12 ಕಿಲೋಮೀಟರಿಗೂ ಹೆಚ್ಚು ಅಗಲದ ಹಳ್ಳ, ಒಂದು ಭಾಗ ಸಮುದ್ರದ ಕೆಳಗಿದೆ. ಕಾಂಪಿ ಫ್ಲೆಗ್ರೇ ಎಂದು ಅದರ ಹೆಸರು. ನೀವು ನಿಂತಿರುವುದು ಜ್ವಾಲಾಮುಖಿಯ ಒಳಗೇ!

ನೆನಪಿಡಿ ಎಂದಿದ್ದ ಆ ಬೂದು ಪುಡಿ ಇಲ್ಲಿ ಹೇರಳ. ಪೊತ್ಸೊಲಾನ ಎನ್ನುತ್ತಾರೆ. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಸುಣ್ಣಕ್ಕೆ ಈ ಪುಡಿ ಬೆರೆಸಿದರೆ ಎರಡೂ ನೀರಿನೊಡನೆ ಕೂಡಿ ಹೊಸ ವಸ್ತುವಾಗುತ್ತವೆ, ಗಾಳಿಯಿಲ್ಲದೆ ನೀರಿನೊಳಗೇ ಕಲ್ಲಾಗುತ್ತವೆ. ರೋಮನ್ನರು ಇದರಿಂದ ಸಮುದ್ರದಲ್ಲೇ ಬಂದರು ಕಟ್ಟೆಗಳನ್ನು ಕಟ್ಟಿದರು. ಎರಡು ಸಾವಿರ ವರ್ಷಗಳ ಹಿಂದೆ ವಿಟ್ರುವಿಯಸ್ ಎಂಬ ವಾಸ್ತುಶಿಲ್ಪಿ ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ.

ಪೊತ್ಸುವೊಲಿಯ ನಡುವೆ, ರಸ್ತೆಗಿಂತ ತಗ್ಗಿನಲ್ಲಿ, ರೋಮನ್ನರ ಕಾಲದ ಒಂದು ಮಾರುಕಟ್ಟೆಯ ಅವಶೇಷವಿದೆ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವರ ವಿಗ್ರಹ ಸಿಕ್ಕಿದ್ದರಿಂದ ಗುಡಿಯೆಂದೇ ಬಗೆದರು. ಅಲ್ಲಿ ಮೂರು ಅಮೃತಶಿಲೆಯ ಕಂಬಗಳು ಇನ್ನೂ ನೆಟ್ಟಗೆ ನಿಂತಿವೆ, ಒಂದೊಂದೂ ಸುಮಾರು 12 ಮೀಟರ್ ಎತ್ತರ. ಕಂಬಿಯ ಆಚೆ ರಸ್ತೆಯಲ್ಲಿ ನಿಂತೇ ನೋಡಬಹುದು. ಬುಡದಿಂದ ಕಣ್ಣು ಮೇಲೇರಿಸಿ. ಸುಮಾರು ಮೂರೂವರೆ ಮೀಟರಿನವರೆಗೆ ಕಂಬ ನುಣುಪು. ಅಲ್ಲಿಂದ ಮೇಲೆ ಒಂದು ಪಟ್ಟಿ, ಎರಡೂವರೆ ಮೀಟರಿಗೂ ಹೆಚ್ಚು ಅಗಲ, ತುಂಬ ತೂತು ತೂತು. ಅದರ ಮೇಲೆ ಮತ್ತೆ ನುಣುಪು.

ಆ ತೂತು ಕೊರೆದದ್ದು ಮನುಷ್ಯರಲ್ಲ. ಸುಣ್ಣದ ಕಲ್ಲನ್ನು ಕರಗಿಸುತ್ತ ಒಳಗೆ ಗೂಡು ಮಾಡಿಕೊಳ್ಳುವ ಒಂದು ಚಿಪ್ಪುಜೀವಿ, ಲಿಥೊಫಾಗ. ಅದು ಬದುಕುವುದು ಸಮುದ್ರದ ನೀರಿನಲ್ಲಿ ಮಾತ್ರ! ಹಾಗಾದರೆ ಆರು ಮೀಟರಿಗೂ ಮೇಲೆ, ಒಣ ಕಂಬದಲ್ಲಿ ಅದು ಹೇಗೆ ಮನೆ ಮಾಡಿತು? ನೀವೇ ಪತ್ತೇದಾರರಾಗಿ. ಓದುವುದನ್ನು ಇಲ್ಲಿ ಒಂದು ನಿಮಿಷ ನಿಲ್ಲಿಸಿ ಯೋಚಿಸಿ.

ಸಮುದ್ರ ಅಷ್ಟು ಎತ್ತರ ಏರಿತ್ತೇ? ಏರಿದ್ದರೆ ಮೆಡಿಟರೇನಿಯನ್ ದಂಡೆಯ ಎಲ್ಲ ಊರುಗಳೂ ಮುಳುಗಬೇಕಿತ್ತು, ಆ ಗುರುತು ಎಲ್ಲೂ ಇಲ್ಲ. ಉಳಿದದ್ದು ಒಂದೇ ಉತ್ತರ. ಸಮುದ್ರ ಇದ್ದಲ್ಲೇ ಇತ್ತು, ನೆಲವೇ ಕೆಳಗಿಳಿಯಿತು. ಕಂಬಗಳ ಬುಡ ಮಣ್ಣಿನಲ್ಲಿ ಹೂತಿತ್ತು, ಆದ್ದರಿಂದ ಅಲ್ಲಿ ತೂತಿಲ್ಲ. ನಡುಭಾಗ ನೀರಿನಲ್ಲಿತ್ತು, ಮೇಲ್ಭಾಗ ಗಾಳಿಯಲ್ಲಿತ್ತು. ಆಮೇಲೆ ನೆಲ ಮತ್ತೆ ಮೇಲೆದ್ದಿತು. ಕಂಬಗಳು ಉರುಳದೆ ನಿಂತಿವೆಯೆಂದರೆ ಈ ಇಳಿತ, ಏರಿಕೆ ಬಲು ನಿಧಾನವಾಗಿ ನಡೆದಿರಬೇಕು. ಭೂವಿಜ್ಞಾನಿ ಚಾರ್ಲ್ಸ್ ಲೈಯಲ್ 1830ರಲ್ಲಿ ಹೊರತಂದ ತನ್ನ ಹೆಸರಾಂತ ಪುಸ್ತಕದ ಮುಖಚಿತ್ರಕ್ಕೆ ಈ ಮೂರು ಕಂಬಗಳನ್ನೇ ಆರಿಸಿಕೊಂಡ. ನೆಲ ಎಂಬುದು ಕದಲದ ವಸ್ತುವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೂ ಗೊತ್ತಿಲ್ಲ.

ಈ ಏರಿಳಿತ ಇನ್ನೂ ನಿಂತಿಲ್ಲ. ಆಳದಲ್ಲಿರುವ ಬಿಸಿ ಅನಿಲ, ನೀರು, ಶಿಲಾರಸಗಳ ಒತ್ತಡ ಹೆಚ್ಚಿದಾಗ ನೆಲ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. 1982ರಿಂದ 1984ರವರೆಗೆ ಪೊತ್ಸುವೊಲಿಯ ನೆಲ ಸುಮಾರು 1.8 ಮೀಟರ್ ಮೇಲೆದ್ದಿತು. ಒಬ್ಬ ದೊಡ್ಡವರ ಎತ್ತರ! ಬಂದರಿನಲ್ಲಿ ನೀರು ಕಡಿಮೆಯಾಗಿ, ಹಳೆಯ ಕಟ್ಟೆ ದೋಣಿಗಳಿಗೆ ಎಟುಕದಷ್ಟು ಮೇಲಾಯಿತು, ತಗ್ಗಿನಲ್ಲಿ ಹೊಸ ಕಟ್ಟೆ ಕಟ್ಟಬೇಕಾಯಿತು. 2005ರಿಂದ ನೆಲ ಮತ್ತೆ ಏರುತ್ತಿದೆ. ಆಗಾಗ ಭೂಮಿ ನಡುಗುತ್ತದೆ, ಶಾಲೆಯ ಮಕ್ಕಳು ಸಾಲಾಗಿ ಅಂಗಳಕ್ಕೆ ಬರುವ ಅಭ್ಯಾಸ ಮಾಡುತ್ತಾರೆ.

ಇದನ್ನೆಲ್ಲ ಹಗಲೂ ರಾತ್ರಿ ಕಾಯುವವರು ವೆಸುವಿಯಸ್ ವೀಕ್ಷಣಾಲಯದವರು. 1841ರಲ್ಲಿ ಹುಟ್ಟಿದ ಅದು ಜಗತ್ತಿನ ಅತ್ಯಂತ ಹಳೆಯ ಜ್ವಾಲಾಮುಖಿ ವೀಕ್ಷಣಾಲಯ. ಉಪಗ್ರಹದ ಸಂಕೇತಗಳಿಂದ ಅವರು ನೆಲದ ಎತ್ತರವನ್ನು ಸೆಂಟಿಮೀಟರಿಗಿಂತ ಸೂಕ್ಷ್ಮವಾಗಿ ಅಳೆಯುತ್ತಾರೆ, ಪ್ರತಿ ವಾರ ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಟೀಚರ್ ಸಹಾಯದಿಂದ ಆ ಅಂಕಿಗಳನ್ನು ತೆಗೆದುಕೊಂಡು ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚುಕ್ಕೆ ಇಡುತ್ತ ಬನ್ನಿ. ಅಡ್ಡಗೆರೆಯ ಮೇಲೆ ತಿಂಗಳುಗಳು, ಲಂಬಗೆರೆಯ ಮೇಲೆ ಸೆಂಟಿಮೀಟರುಗಳು. ಚುಕ್ಕೆಗಳ ಸಾಲು ಎತ್ತ ತಿರುಗುತ್ತದೆ ಎಂದು ಪೊತ್ಸುವೊಲಿಯ ಮಕ್ಕಳಷ್ಟೇ ಕುತೂಹಲದಿಂದ ನೀವೂ ನೋಡಬಹುದು.